ಒತಿಲಿಯಾಳ ಬಲಗಾಲು

ಟಕ್ ಎಂದಿತು.

ಒಣಕಡ್ಡಿ ಮುರಿದಷ್ಟೇ ಸಣ್ಣ ಸದ್ದು. ಆದರೆ ಅದು ಶವಪೆಟ್ಟಿಗೆಯ ಅಡಿಯಿಂದಲೇ ಬಂದದ್ದೆಂದು ಲಿಹಿಯಾಳಿಗೆ ತಕ್ಷಣ ತಿಳಿಯಿತು. ನಡುರಾತ್ರಿ ಕಳೆದಿತ್ತು. ಜಪಮಾಲೆ ಹಿಡಿದಿದ್ದ ಹೆಂಗಸರೆಲ್ಲ ಕುರ್ಚಿಗಳಲ್ಲೇ ತೂಕಡಿಸುತ್ತಿದ್ದರು. ಅವಳು ಸದ್ದಾಗದಂತೆ ಎದ್ದು, ಮೇಣದಬತ್ತಿಗಳನ್ನು ಬಳಸಿಕೊಂಡು ಹೋಗಿ, ಮಂಡಿಯೂರಿ ಬಗ್ಗಿ ನೋಡಿದಳು. ಮೇಜಿನ ಒಂದು ಕಾಲು ಉದ್ದಕ್ಕೆ ಸೀಳು ಬಿಟ್ಟಿತ್ತು.

ಪೆಟ್ಟಿಗೆಯ ಜೊತೆ ಬಾಡಿಗೆಗೆ ಬಂದಿದ್ದ ಕಬ್ಬಿಣದ ಸ್ಟ್ಯಾಂಡು ಸಂಜೆಯೇ ಬಾಗಿತ್ತು. ಆಗ ತಮ್ಮ ವಿಲ್ಬೆರ್ತ್ ಯಾರ ಮುಖವನ್ನೂ ನೋಡದೆ ಮನೆಯ ಬೇಕರಿಯಿಂದ ಹಿಟ್ಟು ನಾದುವ ಮೇಜನ್ನು ಹೊರಿಸಿ ತಂದಿದ್ದ. ಮದುವೆಯಾಗಿ ಬಂದಾಗಿನಿಂದ ಅಮ್ಮ ಹಿಟ್ಟು ನಾದಿದ್ದು ಅದರ ಮೇಲೆಯೇ. ಈಗ ಅದೂ ಸೋಲುತ್ತಿತ್ತು. ಬೆಳಗಿನವರೆಗೆ ತಡೆದರೆ ಸಾಕು, ಎಲ್ಲರ ಮುಂದೆ ಮುರಿಯದಿದ್ದರೆ ಸಾಕು ಎಂದುಕೊಂಡು ಲಿಹಿಯಾ ಮೇಜಿನ ಅಂಚಿಗೆ ಭುಜ ಆನಿಸಿ ಹಾಗೆಯೇ ಕುಳಿತಳು.

“ಅಲ್ಲೇನು ಮಾಡ್ತಾ ಇದೀರಿ ಅತ್ತಿಗೆ?” ತಮ್ಮನ ಹೆಂಡತಿ ಗೆಲ್ಮಿ ಪಕ್ಕದಲ್ಲಿ ಬಂದು ಪಿಸುಗುಟ್ಟಿದಳು.

“ಕಾಲು ಸೀಳಿದೆ.”

ಗೆಲ್ಮಿ ಸೆರಗಿನಂತೆ ಹೊದ್ದಿದ್ದ ಶಾಲನ್ನು ಹಿಂದಕ್ಕೆ ಎಸೆದು ಬಗ್ಗಿ ನೋಡಿದಳು. “ಅಯ್ಯೋ, ಇದ್ರದ್ದೂ ಬಲಗಾಲೇ,” ಎಂದವಳೇ ಬಾಯಿ ಮುಚ್ಚಿಕೊಂಡಳು. ಅವಳ ದೊಡ್ಡ ಮೈ ನಗುವಿಗೆ ಕುಲುಕಿತು, ಕಣ್ಣು ಮಾತ್ರ ತುಂಬಿ ಬಂತು. ಒಲೆಯ ಮನೆಗೆ ಹೋಗಿ ಎರಡು ಇಟ್ಟಿಗೆ ತಂದು, ಇಬ್ಬರೂ ಸೇರಿ ಮೇಜಿನ ಅಡಿಗೆ ತಳ್ಳಿದರು.

“ಬೆಳಿಗ್ಗೆ ಆ ಪೆಟ್ಟಿಗೆ ವಿಷಯ ಗೊತ್ತು ತಾನೆ?” ಗೆಲ್ಮಿ ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ ಕೇಳಿದಳು.

“ಯಾವ ಪೆಟ್ಟಿಗೆ?”

“ಕಾಲಿಂದು. ಸ್ಮಶಾನದಲ್ಲಿದೆಯಲ್ಲ, ಅತ್ತೆ ಕಾಲಿಂದು. ಅದನ್ನ ಅವರ ಜೊತೇಲೇ ಇಡಬೇಕಂತೆ. ಅದಕ್ಕೆ ಹೊಸ ಬಟ್ಟೆ ಸುತ್ತೋದು ನೀವೇ. ಬೇರೆ ಯಾರೂ ಕೈ ಹಚ್ಚಬಾರದು ಅಂತ ಹಟ ಹಿಡಿದು ಹೇಳಿ ಹೋಗಿದಾರೆ.”

ಲಿಹಿಯಾ ಮತ್ತೆ ಮೇಜಿನ ಅಡಿಗೆ ಬಗ್ಗಿದಳು. ಇಟ್ಟಿಗೆ ಸರಿಯಾಗಿ ಕೂತಿದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿದಳು. ಅದು ಸರಿಯಾಗಿಯೇ ಕೂತಿತ್ತು.

*

ಬೆಳಿಗ್ಗೆ ಅಂಗಳದಲ್ಲಿ ದೊಡ್ಡ ಹಂಡೆ ತುಂಬ ಚಾಕೊಲೇಟು ಕುದಿಯುತ್ತಿತ್ತು. ಬುಟ್ಟಿಗಳಲ್ಲಿ ಬ್ರೆಡ್ಡು: ಸೋಂಪು ಹಾಕಿದ್ದು, ಸಕ್ಕರೆ ಉದುರಿಸಿದ್ದು, ಚೀಸು ತುಂಬಿದ್ದು. ಅಮ್ಮನ ಸಾವಿಗೆ ಬಂದವರಿಗೆ ಅಂಗಡಿಯ ಬ್ರೆಡ್ಡು ಕೊಡುವುದುಂಟೇ ಎಂದು ವಿಲ್ಬೆರ್ತ್ ಹಿಂದಿನ ರಾತ್ರಿಯೇ ಒಲೆ ಹಚ್ಚಿದ್ದ. ಬಂದವರು ತಟ್ಟೆ ಹಿಡಿದು, ಸತ್ತವಳು ಎಷ್ಟು ಒಳ್ಳೆಯವಳಾಗಿದ್ದಳೆಂದು ಹೇಳುತ್ತ, ಬ್ರೆಡ್ಡನ್ನು ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಅಮ್ಮನ ಹಾಗೆಯೇ ಇದ್ದರು. ಊದಿದ ಕಣಕಾಲು, ಏರುಸಿರು, ಜೇಬಿನಲ್ಲಿ ಮಾತ್ರೆಯ ಪಟ್ಟಿ. ಲಿಹಿಯಾ ತನ್ನ ತಟ್ಟೆಯನ್ನು ಮುಟ್ಟದೆ ಮೂಲೆಯಲ್ಲಿ ಇಟ್ಟಳು. ಯಾರೂ ನೋಡದಿದ್ದಾಗ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

“ತೊಳೆದ ಮೂಳೆಯನ್ನ ಹಸಿ ಮೈ ಜೊತೆ ಇಡೋದುಂಟೇನಮ್ಮ?” ಎನ್ನುತ್ತಿದ್ದ ಗಾರೆಯ ಹಾಸಿಂತೊ. ಊರಿನ ಗೋರಿಗಳನ್ನು, ಸ್ಮಶಾನದಲ್ಲಿ ಸಾಲಾಗಿ ಕಟ್ಟಿದ ಗಾರೆಯ ಗೂಡುಗಳನ್ನು, ಮುಚ್ಚುವವನು, ತೆರೆಯುವವನು ಅವನೇ. “ಮೂರು ವರ್ಷ ಮೈ ಗೂಡಲ್ಲಿರಲಿ. ಆಮೇಲೆ ತೆಗೆದು, ತೊಳೆದು, ಎಲ್ಲ ಒಟ್ಟಿಗೆ ಒಂದೇ ಪೆಟ್ಟಿಗೇಲಿ ಇಡಿ. ಎಲ್ಲರ ಪದ್ಧತಿ ಅದೇ.”

“ಎಲ್ಲರದ್ದೂ ಎರಡು ಕಾಲಿರುತ್ತೆ,” ಎಂದಳು ಚಿಕ್ಕಮ್ಮ ಫಿದೆಲಿಯಾ. ಅಮ್ಮನ ತಂಗಿ. ಅಕ್ಕನ ಮೈಯಲ್ಲಿ ಕಾಲುಭಾಗವೂ ಇಲ್ಲದ, ಅಕ್ಕನಿಗಿಂತ ನಾಲ್ಕು ಪಾಲು ಬಾಯಿಯಿರುವ ಹೆಂಗಸು. “ಮೂರು ವರ್ಷ ನಮ್ಮಕ್ಕ ಆ ಕಡೆ ಕುಂಟಿಕೊಂಡು ಓಡಾಡಬೇಕೇನಯ್ಯ?”

“ಆ ಕಡೇನೂ ಸೈಕಲ್ ಗಾಡಿ ಸಿಗುತ್ತೆ ಬಿಡವ್ವ. ಪೊಲೋಕ್ ಗಾಡಿ ಬಿಟ್ಟು ನಡೆದದ್ದು ಯಾವಾಗ?”

ಎಲ್ಲರೂ ನಕ್ಕರು. ಪೊಲೋಕ್ ಎಂದರೆ ದಪ್ಪಗಿನವಳು. ಊರಿನಲ್ಲಿ ಅಮ್ಮನನ್ನು ಒತಿಲಿಯಾ ಏಕ್ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಕ್ಕಳೂ ಮುದುಕರೂ ಪೊಲೋಕ್ ಎನ್ನುತ್ತಿದ್ದರು, ಅವಳೂ ಓ ಎನ್ನುತ್ತಿದ್ದಳು.

“ಹಾಸಿಂತೊ ಹೇಳೋದು ಸರಿ ಅನ್ಸುತ್ತೆ,” ಎಂದಳು ಲಿಹಿಯಾ. ದನಿ ಎತ್ತರಿಸಿದ್ದು ತನಗೇ ಕೇಳಿಸಿತು. “ಪದ್ಧತಿ ಮುರಿಯೋದು ಯಾಕೆ? ಪೆಟ್ಟಿಗೆ ಇದ್ದಲ್ಲೇ ಇರಲಿ.”

ಫಿದೆಲಿಯಾ ತಿರುಗಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. “ಪದ್ಧತಿ ಹೇಳ್ತಿರೋದು ಯಾರು ನೋಡು! ಮೂರು ಅಕ್ಟೋಬರ್ ಆಯ್ತು, ಒಂದ್ಸಲನಾದ್ರೂ ಬಂದು ನಿಮ್ಮಮ್ಮನ ಕಾಲಿಗೆ ಬ್ರಷ್ ಹಿಡಿದೆಯೇನೇ? ಊರಲ್ಲಿ ಎಲ್ಲ ಹೆಣ್ಣುಮಕ್ಕಳೂ ಬಂದು ಅವರವರ ಮನೆಯವರ ಮೂಳೆ ಒರೆಸಿ, ಹೊಸ ಬಟ್ಟೆ ಹಾಕಿ ಹೋಗ್ತಾರೆ. ಟೀಚರಮ್ಮನಿಗೆ ಮಾತ್ರ ಪರೀಕ್ಷೆ, ಮೀಟಿಂಗು, ನೆಗಡಿ.”

“ಬಿಡಿ ಚಿಕ್ಕಮ್ಮ,” ಎಂದ ವಿಲ್ಬೆರ್ತ್. “ಅಮ್ಮ ಹೇಳಿದ್ದಾಯ್ತು. ಕಾಲು ಜೊತೆಗೆ ಹೋಗಬೇಕು. ಸುತ್ತೋದು ಅಕ್ಕ. ಮೂರು ವರ್ಷ ಆದ್ಮೇಲೆ ತೆಗೆಯೋವಾಗ್ಲೂ ಅಕ್ಕನೇ ಬರಬೇಕು ಅಂದಿದಾಳೆ. ನಾನು ಮಾತು ಕೊಟ್ಟಿದೀನಿ.”

ಇದು ಅಮ್ಮನ ಶಿಕ್ಷೆ ಎಂದು ಲಿಹಿಯಾಳಿಗೆ ಅನ್ನಿಸಿತು. ಬರದೆ ಉಳಿದ ಮಗಳನ್ನು ಸತ್ತ ಮೇಲಾದರೂ ಊರಿನ ಮುಂದೆ ಕೂರಿಸುವ ಏರ್ಪಾಡು.

ಗೆಲ್ಮಿ ಒಳಗಿನಿಂದ ಮಡಿಸಿದ ಬಿಳಿ ಬಟ್ಟೆಯೊಂದನ್ನು ತಂದು ಅವಳ ತೊಡೆಯ ಮೇಲಿಟ್ಟಳು. ಅಂಚಿನುದ್ದಕ್ಕೂ ಕೆಂಪು, ಹಳದಿ ಹೂಗಳು. ಮಧ್ಯದಲ್ಲಿ ಒತಿಲಿಯಾ ಎಂಬ ಹೆಸರು, ಅಕ್ಷರಗಳು ಒಂದರ ಮೇಲೊಂದು ಏರಿಕೊಂಡಿದ್ದವು.

“ಈ ವರ್ಷಕ್ಕೆ ಅಂತ ಅತ್ತೆ ಆಗಲೇ ಹೊಲಿದು ಇಟ್ಟಿದ್ರು. ಕಣ್ಣು ಎಲ್ಲಿ ಕಾಣ್ತಿತ್ತು ಪಾಪ! ಸೂಜಿಗೆ ದಾರ ಪೋಣಿಸಿ ಕೊಡೋಳು ನಾನೇ. ಹೋದ ವರ್ಷದ ಬಟ್ಟೆಗೆ ಕಂದು ದಾರಾನೇ ಬೇಕು ಅಂತ ಹಟ. ಹೂವಿಗೆ ಕಂದು ದಾರ ಯಾಕತ್ತೆ ಅಂದ್ರೆ, ‘ಒಣಗಿದ ಹೂವು ಕಣೇ’ ಅಂದ್ರು.”

*

ಆರು ವರ್ಷದ ಹಿಂದೆ ಅದು ಒಂದು ಸಣ್ಣ ಗಾಯವಾಗಿ ಶುರುವಾಗಿತ್ತು. ಚಪ್ಪಲಿಯ ಪಟ್ಟಿ ಉಜ್ಜಿ ಹೆಬ್ಬೆರಳ ಬದಿಯಲ್ಲಿ ಕಾಳಿನಷ್ಟು ಕೆಂಪು. ನೋವಿರಲಿಲ್ಲ, ಅದಕ್ಕೇ ಅಮ್ಮ ನೋಡಲಿಲ್ಲ. ಬಗ್ಗಿ ತನ್ನ ಪಾದವನ್ನು ತಾನು ನೋಡಿಕೊಳ್ಳುವುದೂ ಅವಳಿಗೆ ಆಗುತ್ತಿರಲಿಲ್ಲ. ವಾಸನೆ ಬಂದಾಗ ನೋಡಿದವಳು ಗೆಲ್ಮಿ.

ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ತಾಳ್ಮೆಯಿಂದ ಹೇಳಿದ್ದರು. “ಇದು ಈ ತಿಂಗಳು ಬಂದ ರೋಗ ಅಲ್ಲಮ್ಮ. ನಿಮ್ಮ ಮೈಯೊಳಗೆ ವರ್ಷಗಟ್ಟಲೆಯಿಂದ ಸಣ್ಣಗೆ ಉರಿ ಇದೆ. ಜ್ವರ ಬರೋಲ್ಲ, ಹೊರಗೆ ಕಾಣೋಲ್ಲ. ಹೊಟ್ಟೆ ಸುತ್ತ ಕೂತಿರೋ ಕೊಬ್ಬೇ ಅದಕ್ಕೆ ಸೌದೆ. ರಕ್ತನಾಳದ ಗೋಡೆ ಒಳಗಿಂದ ಕೆರಳಿ ಕೆರಳಿ ದಪ್ಪ ಆಗುತ್ತೆ. ವಯಸ್ಸಾಗ್ತಾ ಗಡುಸಾಗುತ್ತೆ. ಕೊನೆಗೆ ನಿಮ್ಮ ಮನೆ ನಲ್ಲಿ ಪೈಪಿನ ಹಾಗೆ ಕಟ್ಟಿಕೊಂಡುಬಿಡುತ್ತೆ. ಕಾಲಿಗೆ ರಕ್ತ ಹೋಗ್ತಾನೇ ಇಲ್ಲ.”

ಸುಣ್ಣದ ಕಲ್ಲಿನ ಸೀಮೆ ಅದು. ಅಲ್ಲಿನ ನೀರು ಯಾವ ಪೈಪನ್ನೂ ಬಿಳಿ ಹೆಪ್ಪು ಕಟ್ಟದೆ ಬಿಡುವುದಿಲ್ಲ.

“ಪೈಪಿಗಾದ್ರೆ ನಾವು ನಿಂಬೆಹುಳಿ ಹಾಕ್ತೀವಿ ಡಾಕ್ಟ್ರೇ,” ಎಂದಿದ್ದಳು ಅಮ್ಮ. “ಇನ್ನು ಉರಿ ಅಂತೀರಲ್ಲ, ನಾನು ಹುಟ್ಟಿದ್ದೇ ಒಲೆ ಪಕ್ಕ.”

ಡಾಕ್ಟರು ನಕ್ಕರು. ಲಿಹಿಯಾ ನಗಲಿಲ್ಲ. ಹೊರಗೆ ಬಂದ ಮೇಲೆ ಡಾಕ್ಟರು ಅವಳೊಬ್ಬಳಿಗೇ ಹೇಳಿದರು: ಕಾಲನ್ನು ಕೆಡಿಸಿದ ನಾಳಗಳು ಹೃದಯವನ್ನೂ ಬಿಡುವುದಿಲ್ಲ, ಹೆಚ್ಚೆಂದರೆ ಎರಡು ಮೂರು ವರ್ಷ.

ಮೊಣಕಾಲಿನ ಕೆಳಗೆ ತೆಗೆದರು. ಅಮಲು ಇಳಿಯುತ್ತಲೇ ಅಮ್ಮ ಅವಳ ಕೈ ಹಿಡಿದು ಕೇಳಿದ್ದು ಒಂದೇ: “ನನ್ನ ಕಾಲನ್ನ ಇಲ್ಲಿ ಬಿಟ್ಟು ಬರಬೇಡ. ನಿಮ್ಮಪ್ಪನ ಪಕ್ಕ ಹೂಳಿಸು. ವಿಲ್ಬೆರ್ತ್ ಪೆಟ್ಟಿಗೆ ಮಾಡ್ತಾನೆ.”

ಆಸ್ಪತ್ರೆಯ ಕೆಳಮಹಡಿಯ ಕಿಟಕಿಯ ಮುಂದೆ ಉದ್ದದ ಸಾಲಿತ್ತು. ಒಳಗಿನಿಂದ ಒಬ್ಬ ಕೂಗಿದ: “ಒತಿಲಿಯಾ ಏಕ್ ಕಡೆಯವ್ರು ಯಾರು? ಕಾಲು ತಗೊಂಡು ಹೋಗ್ತೀರೋ, ಇಲ್ಲೇ ಬಿಡ್ತೀರೋ?”

ಸಾಲು ಪೂರ್ತಿ ತಿರುಗಿ ನೋಡಿತು. ಗೋಡೆಗೊರಗಿ ನಿಂತಿದ್ದ ಆಳೊಬ್ಬ, “ತಗೊಂಡು ಹೋಗೋದಾದ್ರೆ ಲಾರಿ ತನ್ನಿ ಮೇಡಂ,” ಎಂದ. ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: “ನಮಸ್ಕಾರ ಟೀಚರ್!” ಅವಳ ತರಗತಿಯ ಹುಡುಗಿಯೊಬ್ಬಳ ತಾಯಿ, ಕೂಸನ್ನು ಎತ್ತಿಕೊಂಡು, ನಗುಮುಖ ಮಾಡಿಕೊಂಡು ನಿಂತಿದ್ದಳು.

“ನಮ್ಮದಲ್ಲ,” ಎಂದಳು ಲಿಹಿಯಾ ಕಿಟಕಿಯ ಕಡೆ ತಿರುಗಿ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಬೇಡ. ಇಲ್ಲೇ ಬಿಡ್ತೀವಿ.”

ಮಧ್ಯಾಹ್ನ ಮನಸ್ಸು ಬದಲಾಯಿಸಿ ಮತ್ತೆ ಹೋದಳು. ಆಗಲೇ ಸುಟ್ಟಾಗಿತ್ತು.

ಊರಿನಲ್ಲಿ ಎಲ್ಲರೂ ಕಾಯುತ್ತಿದ್ದರು. ಪಟ್ಟಣದ ಬಸ್ ನಿಲ್ದಾಣದ ಪಕ್ಕದಲ್ಲೇ ಸಂತೆ, ಸಂತೆಯ ಹಿಂಬದಿಗೆ ಮಾಂಸದ ಕಟ್ಟೆಗಳು. ಲಿಹಿಯಾ ಅಲ್ಲಿ ಬಹಳ ಹೊತ್ತು ಸುತ್ತಿದಳು. ಕೊನೆಗೆ ಕೊಕ್ಕೆಗೆ ತೂಗುಹಾಕಿದ್ದ ದನದ ಕಾಲೊಂದನ್ನು ತೋರಿಸಿದಳು.

“ಸೂಪಿಗಾ ಅಮ್ಮ? ತುಂಡು ಮಾಡ್ಲಾ?”

“ಬೇಡ. ಗೊರಸು ಮಾತ್ರ ತೆಗೆದು ಹಾಗೇ ಕೊಡಿ.”

ಆಸ್ಪತ್ರೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಬಿಗಿದು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ವಿಲ್ಬೆರ್ತ್ ಬ್ರೆಡ್ಡಿನ ತಟ್ಟೆಗಳ ಹಲಗೆಯಿಂದ ಪೆಟ್ಟಿಗೆ ಮಾಡಿಟ್ಟಿದ್ದ. ಫಿದೆಲಿಯಾ ಬಿಚ್ಚಿ ನೋಡಲು ಕೈ ಚಾಚಿದಳು. “ಮುಟ್ಟಬೇಡಿ ಚಿಕ್ಕಮ್ಮ. ಸೋಂಕಿದೆ, ಬಿಚ್ಚಲೇಬಾರದು ಅಂದಿದಾರೆ.” ಓದಿದ ಹುಡುಗಿಯ ಮಾತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಅಪ್ಪನ ಗೂಡಿನ ಬುಡದಲ್ಲಿ ಗುಂಡಿ ತೋಡಿ ಇಟ್ಟರು, ಹಾಡು ಹೇಳಿದರು, ಹೂ ಹಾಕಿದರು. ಫಿದೆಲಿಯಾ ಅತ್ತಳು.

ಮೂರು ವರ್ಷವಾದ ಮೇಲೆ ತೆಗೆಯಬೇಕಾಗುತ್ತದೆಂದು ಲಿಹಿಯಾಳಿಗೆ ಗೊತ್ತಿತ್ತು. ಡಾಕ್ಟರು ಹೇಳಿದ ಮಾತೂ ನೆನಪಿತ್ತು. ಅಷ್ಟು ದಿನ ಅಮ್ಮ ಇರುವುದಿಲ್ಲ ಎಂದು ಅವಳು ಮನಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟಿದ್ದಳು. ದನದ ಕಾಲಿಗಿಂತ ಆ ಒಪ್ಪಿಗೆಯೇ ಆಮೇಲೆ ಅವಳನ್ನು ನಿದ್ದೆಯಿಂದ ಎಬ್ಬಿಸುತ್ತಿತ್ತು.

*

ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತರು. ಬೀದಿಯ ತಿರುವಿನಲ್ಲೇ ಮೊದಲನೆಯ ಸರದಿಯವರು ಸೋತರು. ಇನ್ನೊಂದು ಗುಂಪು ಹೆಗಲು ಕೊಟ್ಟಿತು. ಬಿಸಿಲು ಸುಣ್ಣದ ಗೋಡೆಗಳಿಂದ ಪುಟಿದು ಕಣ್ಣಿಗೆ ಹೊಡೆಯುತ್ತಿತ್ತು.

“ಹುಷಾರಪ್ಪ, ಎಡಗಡೆ ಎತ್ತು, ಎಡಗಡೆ!”

“ಎತ್ತೇ ಇದೀನಿ ಮಾರಾಯ. ಭಾರ ಎಲ್ಲ ಎಡಗಡೇನೇ ಇದೆ.”

“ಇರದೆ? ಬಲಗಡೆದು ಮುಂಚೇನೇ ಹೋಗಿ ಕೂತಿದೆಯಲ್ಲ.”

ನಗು ಸಾಲಿನುದ್ದಕ್ಕೂ ಹರಿಯಿತು. ಅಮ್ಮ ಇದ್ದಿದ್ದರೆ ಅವಳೇ ಮೊದಲು ನಗುತ್ತಿದ್ದಳು. ಲಿಹಿಯಾ ತಲೆ ತಗ್ಗಿಸಿ ತನ್ನ ಬೂಟುಗಳನ್ನು ನೋಡುತ್ತ ನಡೆದಳು. ಕಾಲುಚೀಲದ ಅಂಚು ಕಣಕಾಲಿಗೆ ಕಚ್ಚಿಕೊಂಡು ಹಳ್ಳ ಮಾಡಿತ್ತು. ಬೆರಳುಗಳಲ್ಲಿ ಇತ್ತೀಚೆಗೆ ಇರುವೆ ಹರಿದಂತಾಗುವುದನ್ನು ಅವಳು ಯಾವ ಡಾಕ್ಟರಿಗೂ ಹೇಳಿರಲಿಲ್ಲ.

ಶಾಲೆಯ ಮುಂದೆ ಮೆರವಣಿಗೆ ನಿಂತಿತು. ಹೊರುವವರು ಮತ್ತೆ ಬದಲಾಗಬೇಕಿತ್ತು.

ಲಿಹಿಯಾ ಅಲ್ಲಿ ಓದುತ್ತಿದ್ದಾಗ, ಆ ಶಾಲೆಯ ಕಟ್ಟೆಯ ಮೇಲೆ, ಹನ್ನೊಂದರ ಬಿಡುವಿನಲ್ಲಿ, ಹುಡುಗಿಯರೆಲ್ಲ ಬ್ರೆಡ್ಡಿನ ಗಾಡಿಗೆ ಕಾಯುತ್ತಿದ್ದರು. ಅಮ್ಮ ಮುಂದೆ ಬುಟ್ಟಿ ಕಟ್ಟಿದ ಮೂರು ಗಾಲಿಯ ಸೈಕಲನ್ನು ತುಳಿದುಕೊಂಡು, ರಬ್ಬರಿನ ಪೀಪಿಯನ್ನು ಎರಡು ಸಲ ಒತ್ತುತ್ತ ಬರುತ್ತಿದ್ದಳು. ಸೀಟು ಅವಳ ಅಡಿಯಲ್ಲಿ ಕಾಣುತ್ತಲೇ ಇರಲಿಲ್ಲ. “ಪೊಲೋಕ್ ಬಂದಳು! ಗಾಡಿ ಅಳ್ತಾ ಇದೆ ಕೇಳ್ರೇ!” ಎಂದು ಹುಡುಗಿಯರು ಕೂಗುತ್ತಿದ್ದರು. ಒಂದು ದಿನ ಲಿಹಿಯಾ ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟುಕೊಂಡಳು. ತೊಟ್ಟಿಯ ಮೇಲಿನಿಂದ ಅಮ್ಮನ ಕಣ್ಣು ಅವಳನ್ನು ಕಂಡಿತು. ಅಮ್ಮ ಏನೂ ಅನ್ನಲಿಲ್ಲ. ಮನೆಯಲ್ಲೂ ಅನ್ನಲಿಲ್ಲ. ಮರುದಿನದಿಂದ ಶಾಲೆಯ ಮುಂದೆ ಪೀಪಿ ಒತ್ತುವುದನ್ನು ಬಿಟ್ಟು, ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋದಳು. ಬಿಡುವಿನ ವ್ಯಾಪಾರ ಬೇರೆಯವರ ಪಾಲಾಯಿತು.

“ನಡೀರಿ, ನಡೀರಿ,” ಎಂದಳು ಫಿದೆಲಿಯಾ. “ಬಿಸಿಲಲ್ಲಿ ನಮ್ಮಕ್ಕ ಬೇಯ್ತಾಳೆ.”

*

ಕಾಲು ಹೂಳಿ ಮೂರು ವರ್ಷ ತುಂಬಿದ ಆ ಅಕ್ಟೋಬರಿನಲ್ಲಿ ಲಿಹಿಯಾ ಪಟ್ಟಣದ ತನ್ನ ಮನೆಯಲ್ಲಿ ಫೋನಿನ ಮುಂದೆ ಕುಳಿತಿದ್ದಳು. ಪರೀಕ್ಷೆಯ ಕೆಲಸವಿದೆ ಎಂದು ಸುಳ್ಳು ಹೇಳಿದ್ದಳು. ಅಲ್ಲಿ ಈಗ ಗುಂಡಿ ತೋಡುತ್ತಿದ್ದಾರೆ. ಈಗ ಪೆಟ್ಟಿಗೆ ಮೇಲೆತ್ತಿದ್ದಾರೆ. ಈಗ ಯಾರೋ ಕಿರುಚಿರುತ್ತಾರೆ. ಊರು ಇಡೀ ಬಾಗಿಲಿಗೆ ಬಂದು, “ಟೀಚರಮ್ಮ ತಾಯಿಯ ಕಾಲನ್ನ ಏನು ಮಾಡಿದ್ಲಂತೆ ಗೊತ್ತಾ?” ಎನ್ನುತ್ತಿರುತ್ತದೆ.

ಫೋನು ಬಂತು. ಅಮ್ಮನೇ.

“ತೊಳೆದಾಯ್ತು ಕಣೇ. ಹಲ್ಲಿನ ಹಾಗೆ ಬೆಳ್ಳಗಿದೆ. ಎಷ್ಟು ಗಟ್ಟಿ ಮೂಳೆ ಅಂತೀಯ! ನೀನೇನೂ ಯೋಚನೆ ಮಾಡಬೇಡ. ಊಟ ಆಯ್ತಾ?”

ಗೆಲ್ಮಿ ಆಮೇಲೆ ವಿವರವಾಗಿ ಹೇಳಿದ್ದಳು. ಅತ್ತೆ ಗಾಲಿಕುರ್ಚಿಯಿಂದ ಇಳಿದು ತಗ್ಗು ಮಣೆಯ ಮೇಲೆ ಕೂತರು. ಎಲ್ಲರಿಗೂ ಬೆನ್ನು ಹಾಕಿ, ಪೆಟ್ಟಿಗೆಯನ್ನು ತೊಡೆಗಳ ನಡುವೆ ಎಳೆದುಕೊಂಡರು. “ಯಾರೂ ಹತ್ತಿರ ಬರಬೇಡ್ರೇ! ನನ್ನ ಕಾಲು, ನಂಗೆ ನಾಚಿಕೆ. ಸ್ನಾನ ಮಾಡೋಳನ್ನ ಬಗ್ಗಿ ನೋಡ್ತಾರಾ ಯಾರಾದ್ರೂ?” ಎಂದರು. ಎಲ್ಲರೂ ನಕ್ಕು ಮುಖ ತಿರುಗಿಸಿದರಂತೆ. “ಆ ಬೆನ್ನಿನ ಹಿಂದೆ ಒಂದು ಮದುವೆ ಚಪ್ಪರ ಹಾಕಿದ್ರೂ ಕಾಣ್ತಿರಲಿಲ್ಲ ಅತ್ತಿಗೆ.”

ಸಕ್ಕರೆ ಕಾಯಿಲೆ ಅಷ್ಟರಲ್ಲಿ ಅಮ್ಮನ ಕಣ್ಣನ್ನೂ ತಿನ್ನುತ್ತಿತ್ತು. ಬಾಗಿಲಲ್ಲಿ ನಿಂತವರು ಯಾರೆಂದು ದನಿಯಿಂದಲೇ ಗುರುತಿಸುತ್ತಿದ್ದಳು. ಲಿಹಿಯಾ ಆ ಕಣ್ಣಿನ ನೆಪ ಹಿಡಿದುಕೊಂಡು ಸಮಾಧಾನ ಮಾಡಿಕೊಂಡಳು. ಅಮ್ಮನಿಗೆ ಕಾಣಲಿಲ್ಲ, ಅಮ್ಮನಿಗೆ ತಿಳಿಯಲಿಲ್ಲ. ಅಮ್ಮನ ಕುರುಡಿಗೆ ತಾನು ಕೃತಜ್ಞಳಾಗಿದ್ದೇನೆ ಎಂಬುದು ಒಮ್ಮೊಮ್ಮೆ ಹೊಳೆಯುತ್ತಿತ್ತು. ಆಗ ರೇಡಿಯೋ ಹಾಕುತ್ತಿದ್ದಳು.

*

ಗೂಡಿನ ಬಾಯಿ ಚಿಕ್ಕದಾಗಿತ್ತು. ಹಾಸಿಂತೊ ಒಂದು ಸಲ ಶವಪೆಟ್ಟಿಗೆಯನ್ನು, ಒಂದು ಸಲ ಬಾಯಿಯನ್ನು ನೋಡಿ, ಉಳಿ ಸುತ್ತಿಗೆ ತೆಗೆದುಕೊಂಡು ಅಂಚಿನ ಗಾರೆಯನ್ನು ಒಡೆಯತೊಡಗಿದ.

“ಅಲ್ಲಿವರೆಗೆ ನಿನ್ನ ಕೆಲಸ ಮುಗಿಸು ಲಿಹಿಯಾ,” ಎಂದಳು ಫಿದೆಲಿಯಾ.

ಅಪ್ಪನ ಪೆಟ್ಟಿಗೆಯ ಪಕ್ಕದಲ್ಲಿ, ಆಕಾಶದ ಬಣ್ಣ ಬಳಿದ ಪುಟ್ಟ ಮಾಡದೊಳಗೆ, ಅದು ಇತ್ತು. ಮುಚ್ಚಳದ ಸಂದಿಯಿಂದ ಹೂವಿನ ಅಂಚು ಇಳಿಬಿದ್ದಿತ್ತು, ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು. ಲಿಹಿಯಾ ಅದನ್ನು ಎರಡೂ ಕೈಗಳಿಂದ ಎತ್ತಿದಳು. ಬಸ್ಸಿನಲ್ಲಿ ತೊಡೆಯ ಮೇಲಿದ್ದ ಭಾರ ಇದಾಗಿರಲಿಲ್ಲ. ಇದು ಹಗುರ.

ಅವಳ ಸುತ್ತ ಜನ ನೆರೆಯಿತು. ಮೂಳೆ ಒರೆಸುವಾಗ ಸುತ್ತ ನಿಂತು, ಸತ್ತವರ ಜೊತೆ ಎರಡು ಮಾತಾಡುವುದು ಅಲ್ಲಿ ಎಲ್ಲರ ಹಕ್ಕು. ಅವಳು ಗೋಡೆಯ ಕಡೆ ಮುಖ ಮಾಡಿ ತಗ್ಗು ಮಣೆಯ ಮೇಲೆ ಕುಳಿತಳು. ಪೆಟ್ಟಿಗೆಯನ್ನು ತೊಡೆಗಳ ನಡುವೆ ಎಳೆದುಕೊಂಡಳು. ಜೀವನವಿಡೀ ಕಡಿಮೆ ಜಾಗದಲ್ಲಿ ಕಾಣಬೇಕೆಂದು ಕಪ್ಪು ಬಟ್ಟೆ ತೊಟ್ಟವಳು, ಹೊಟ್ಟೆ ಒಳಗೆಳೆದು ನಿಂತವಳು, ಈಗ ಮೊಣಕೈಗಳನ್ನು ಅಗಲಿಸಿ ಲಂಗವನ್ನು ಎರಡೂ ಬದಿಗೆ ಹರಡಿದಳು. ಸಾಲಲಿಲ್ಲ. ಎಡಗಡೆಯಿಂದ ಬೆಳಕು ಬರುತ್ತಲೇ ಇತ್ತು.

“ಸ್ವಲ್ಪ ಸರಿಯೇ, ನಾನೂ ನೋಡ್ತೀನಿ,” ಫಿದೆಲಿಯಾಳ ದನಿ ಹತ್ತಿರವಾಯಿತು. “ಬೆಳ್ಳಗಿದೆ ಬೆಳ್ಳಗಿದೆ ಅಂತ ಊರಿಗೆಲ್ಲ ಸಾರಿಕೊಂಡು ಬಂದ್ಲು, ಒಡಹುಟ್ಟಿದೋಳಿಗೆ ಒಂದ್ಸಲ ತೋರಿಸ್ಲಿಲ್ಲ.”

ಲಿಹಿಯಾ ಮುಚ್ಚಳ ತೆಗೆದಳು. ಹೊರಗಿನ ಬಟ್ಟೆಯ ಮಡಿಕೆ ಬಿಚ್ಚಿದಳು. ಒಳಗೆ ಮೂಳೆ ಇತ್ತು. ದಪ್ಪಗೆ, ನೀಳವಾಗಿ, ಒಂದು ತುದಿಯಲ್ಲಿ ಕಟುಕನ ಗರಗಸದ ಸಪಾಟು ಗುರುತಿನೊಂದಿಗೆ. ಯಾವ ಮಗುವೂ ಅದನ್ನು ಮನುಷ್ಯರದ್ದೆಂದು ಹೇಳುತ್ತಿರಲಿಲ್ಲ. ಬೆರಳಾಡಿಸಿದರೂ ತಿಳಿಯುತ್ತಿತ್ತು. ಭಾನುವಾರದ ಸೂಪಿಗೆ ಜೀವಮಾನವಿಡೀ ಅಂಥ ಮೂಳೆಗಳನ್ನು ತೊಳೆದ ಬೆರಳುಗಳಿಗಂತೂ ಖಂಡಿತ ತಿಳಿಯುತ್ತಿತ್ತು. ಆದರೂ ಅದರ ಪ್ರತಿ ಗೀರನ್ನೂ ತಿಕ್ಕಿ ತೆಗೆದಿತ್ತು. ನಿಜವಾಗಿಯೂ ಹಲ್ಲಿನ ಹಾಗೆ ಬೆಳ್ಳಗಿತ್ತು.

ಅದರ ಅಡಿಯಲ್ಲಿ, ಮೂಳೆಗೆ ತಾಗುವ ಒಳಮಗ್ಗುಲಿಗೆ, ಹೊರಗಿನಿಂದ ಯಾರಿಗೂ ಕಾಣದ ಜಾಗದಲ್ಲಿ, ಕಂದು ದಾರದಲ್ಲಿ ಏನೋ ಹೊಲಿದಿತ್ತು. ಲಿಹಿಯಾ ಮೂಳೆಯನ್ನು ಬದಿಗೆ ಸರಿಸಿದಳು.

ಒಂದು ಹಸು. ಹೊಲಿಗೆ ಸೊಟ್ಟಗಿತ್ತು, ಕೊಂಬು ಒಂದು ಮೇಲೆ ಒಂದು ಕೆಳಗಿತ್ತು. ಬಾಯಲ್ಲಿ ಕೆಂಪು ಹೂವೊಂದನ್ನು ಕಚ್ಚಿಕೊಂಡು, ಬಾಲ ಎತ್ತಿಕೊಂಡು, ಅದು ನಿಂತಿತ್ತು. ಮೂರು ಕಾಲಿನ ಮೇಲೆ.

ಲಿಹಿಯಾಳ ಕೈ ಅಲ್ಲೇ ನಿಂತಿತು. ಹಿಂದೆ ಫಿದೆಲಿಯಾಳ ಚಪ್ಪಲಿ ಜಲ್ಲಿಯ ಮೇಲೆ ಕರಕರ ಎಂದಿತು. ಮುಚ್ಚಬೇಕೆಂದು ಗೊತ್ತಿತ್ತು. ಮುಚ್ಚಲು ಆಗಲಿಲ್ಲ.

ಅಷ್ಟರಲ್ಲಿ ಎಡಗಡೆಯ ಬೆಳಕು ನಿಂತಿತು. ಗೆಲ್ಮಿ ಏದುಸಿರು ಬಿಡುತ್ತ ಅವಳ ಪಕ್ಕದಲ್ಲಿ ನೆಲಕ್ಕೇ ಕುಕ್ಕರಿಸಿ ಕುಳಿತಳು. ಹೊಸ ಬಟ್ಟೆ ಕೊಡಲು ಬಂದಿದ್ದವಳು ಪೆಟ್ಟಿಗೆಯೊಳಗೆ ನೋಡಿದಳು. ಮೂಳೆಯನ್ನು ನೋಡಿದಳು. ಗರಗಸದ ಗುರುತನ್ನು ನೋಡಿದಳು. ಆಮೇಲೆ ಕಂದು ದಾರವನ್ನು. ಬಹಳ ಹೊತ್ತು ಕಂದು ದಾರವನ್ನೇ.

“ಒಣಗಿದ ಹೂವಂತೆ,” ಎಂದಳು ಉಸಿರಿನಲ್ಲೇ.

“ಗೆಲ್ಮಿ, ನಾನು ಆವತ್ತು ಆಸ್ಪತ್ರೇಲಿ...”

“ಸುತ್ತಿ ಅತ್ತಿಗೆ.”

“ಅಮ್ಮನಿಗೆ ಮೊದಲಿಂದಲೂ...”

“ಬೇಗ ಸುತ್ತಿ ಅಂದ್ನಲ್ಲ.”

ಮತ್ತೆ ಜಲ್ಲಿಯ ಸದ್ದು. ಗೆಲ್ಮಿ ತಿರುಗಲೂ ಇಲ್ಲ. ತನ್ನ ಹೆಗಲನ್ನು ಲಿಹಿಯಾಳ ಹೆಗಲಿಗೆ ಒತ್ತಿ, ಶಾಲನ್ನು ಎರಡೂ ಕಡೆಗೆ ಬಿಚ್ಚಿ ಹರಡಿ, ಊರಿಗೆಲ್ಲ ಕೇಳುವಂತೆ ಕೂಗಿದಳು: “ಹತ್ತಿರ ಬರಬೇಡಿ ಚಿಕ್ಕತ್ತೆ! ಅತ್ತೆಗೆ ನಾಚಿಕೆ!”

ಹಿಂದೆ ಯಾರೋ ನಕ್ಕರು. ಫಿದೆಲಿಯಾಳ ಹೆಜ್ಜೆ ನಿಂತಿತು. “ಸತ್ತ ಮೇಲೂ ಅದೇ ಬಿನ್ನಾಣ,” ಎಂದವಳು ಮೂಗು ಒರೆಸಿಕೊಂಡಳು. “ಶುದ್ಧವಾಗಿದೆಯೇನೇ, ಅದಾದ್ರೂ ಹೇಳಿ.”

“ಶುದ್ಧವಾಗಿದೆ,” ಎಂದಳು ಗೆಲ್ಮಿ. “ಇಷ್ಟು ಚೆನ್ನಾಗಿ ತೊಳೆದಿದ್ದನ್ನ ನಾನು ನೋಡೇ ಇಲ್ಲ.”

ಆ ಎರಡು ಬೆನ್ನುಗಳ ಮರೆಯಲ್ಲಿ ಲಿಹಿಯಾ ಮೂಳೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿದಳು. ಒಮ್ಮೆ, ಮತ್ತೊಮ್ಮೆ, ಹೆಸರು ಮೇಲೆ ಬರುವಂತೆ. ಶವಪೆಟ್ಟಿಗೆಯ ಕೆಳಭಾಗದ ಮುಚ್ಚಳವನ್ನು ವಿಲ್ಬೆರ್ತ್ ಎತ್ತಿ ಹಿಡಿದ. ಅಮ್ಮನ ಹಬ್ಬದ ಲಂಗ ಬಲಗಡೆಯಲ್ಲಿ ಖಾಲಿಯಾಗಿ ಮಡಿಸಿಕೊಂಡಿತ್ತು. ಅಲ್ಲಿ, ಲಂಗದ ಒಳಗೆ, ಅವಳು ಅದನ್ನು ಇಟ್ಟಳು. ಎಡಗಾಲಿನ ಸಮಕ್ಕೆ ಬರುವಂತೆ ಸರಿಪಡಿಸಿದಳು. ಆರು ವರ್ಷದಲ್ಲಿ ಮೊದಲ ಸಲ ಲಂಗ ಎರಡೂ ಕಡೆ ತುಂಬಿಕೊಂಡಿತು.

ಗೂಡಿನ ಬಾಯಿ ಈಗ ಅಗಲವಾಗಿತ್ತು. ಹಲಗೆಯ ಮೇಲೆ ಸೋಪು ಸವರಿ ತಳ್ಳಿದರು. ಪೆಟ್ಟಿಗೆ ಒಳಗೆ ಹೋಯಿತು. ಹಾಸಿಂತೊ ಗಾರೆ ಕಲಸಿದ.

ಹಿಂದಿರುಗುವಾಗ ವಿಲ್ಬೆರ್ತ್ ಹೆಂಡತಿಯ ಪಕ್ಕಕ್ಕೆ ಬಂದ. ಲಿಹಿಯಾ ಅವರಿಬ್ಬರ ಹಿಂದೆಯೇ ಇದ್ದಳು, ಒಂದೊಂದು ಮಾತಿಗೂ ಕಿವಿಗೊಟ್ಟು.

“ಅಷ್ಟು ಹೊತ್ತು ಇಬ್ಬರೂ ಏನು ನೋಡ್ತಿದ್ರಿ?”

ಗಂಡನಿಗೆ ಏನನ್ನೂ ಮುಚ್ಚಿಡದ ಹೆಂಗಸು ಗೆಲ್ಮಿ. ನಡೆಯುತ್ತಲೇ ಒಮ್ಮೆ ಹಿಂದಕ್ಕೆ ತಿರುಗಿ ಲಿಹಿಯಾಳ ಮುಖವನ್ನು ನೋಡಿದಳು.

“ಹೊಲಿಗೆ,” ಎಂದಳು. “ಅತ್ತೆ ಹೊಲಿಗೆ ನೋಡ್ತಿದ್ವಿ.”

“ಹಳೇ ಬಟ್ಟೆ ಎಲ್ಲಿ? ಸುಡಬೇಕಲ್ಲ.”

“ಒಲೆಗೆ ಹಾಕ್ತೀನಿ ಬಿಡಿ. ನೀವು ಹೋಗಿ ಹೊತ್ತವರಿಗೆಲ್ಲ ಊಟಕ್ಕೆ ಹೇಳಿ, ಹೋಗಿ.”

ಅವನು ಮುಂದೆ ಹೋದ. ಗೆಲ್ಮಿ ಶಾಲನ್ನು ಸರಿಪಡಿಸಿಕೊಂಡಳು. ಅವಳ ಕುಪ್ಪಸದ ಕೊರಳಿನಿಂದ ಮಾಸಿದ ಬಟ್ಟೆಯ ತುದಿಯೊಂದು ಇಣುಕಿತ್ತು. ತುದಿಯಲ್ಲಿ ಒಂದು ಸೊಟ್ಟ ಕೊಂಬು. ಅವಳು ನಡೆಯುತ್ತಲೇ ಹೆಬ್ಬೆರಳಿನಿಂದ ಅದನ್ನು ಒಳಕ್ಕೆ ಒತ್ತಿ, ಮೇಲಿನ ಗುಂಡಿಯನ್ನು ಹಾಕಿಕೊಂಡಳು.